ದೀಪ ಹಚ್ಚದೆ ಶುರುವಾದ ಚಾನೆಲ್

ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ನಮ್ಮ ಚಾನೆಲ್ಲಿನ ಕಚೇರಿ. ಮೊದಲು ಅಲ್ಲಿ ಹೊಲಿಗೆ ಕ್ಲಾಸ್ ನಡೆಯುತ್ತಿತ್ತಂತೆ. ಗೋಡೆಗೆ ಫೋಮ್ ಅಂಟಿಸಿ, ಕಿಟಕಿ ಮುಚ್ಚಿ, ಸ್ಟುಡಿಯೋ ಅಂತ ಹೆಸರಿಟ್ಟ ಮೇಲೂ ನೆಲದ ಸಂದಿನಲ್ಲಿ ಗುಂಡುಸೂಜಿ ಸಿಗುತ್ತಿದ್ದವು. ನಾನು ಸೇರಿದಾಗ ನನಗೆ ನಲವತ್ತರ ಹತ್ತಿರ ಹತ್ತಿರ ವಯಸ್ಸು. ಅದಕ್ಕೆ ಮೊದಲು ಉಡುಪಿಯ ಕೇಬಲ್ ಚಾನೆಲ್ಲೊಂದರಲ್ಲಿ ವಾರ್ತೆ ಓದುತ್ತಿದ್ದೆ. ನನ್ನದು ಮೀನುಗಾರರ ಮನೆ. ಅಮ್ಮ ಬಹಳ ವರ್ಷ ಬುಟ್ಟಿ ಹೊತ್ತು, ಮೊದಲ ಬಸ್ಸು ಹತ್ತಿ, ಬ್ರಹ್ಮಾವರದ ಕಡೆ ಮನೆಮನೆಗೆ ಮೀನು ಮಾರಿದವಳು. ಮಗಳು ಟೀವಿಯಲ್ಲಿ ಕಾಣುತ್ತಾಳೆ ಎನ್ನುವುದು ಅವಳಿಗೆ ಹೆಮ್ಮೆಯೇ. ಆದರೂ ಒಮ್ಮೆ ವಾರ್ತೆ ಮುಗಿದ ಮೇಲೆ ಹೇಳಿದಳು: "ನೀ ಓದುದ್ ಲಾಯ್ಕ್ ಇತ್ತ್. ಆರೆ ನಮ್ಮನಿ ಹೆಣ್ಣ್ ಅಂದ್ ಕಾಣ್ತಿಲ್ಲೆ."

ಹಾಗೆ ಕಾಣಬಾರದು ಎಂದೇ ನಾನು ಕಲಿತದ್ದು. ವಾರ್ತೆ ಓದುವವಳ ಬಾಯಲ್ಲಿ ಊರು ಕೇಳಿಸಬಾರದು ಎಂದು ನನಗೆ ತರಬೇತಿ ಕೊಟ್ಟವರು ಪದೇ ಪದೇ ತಿದ್ದುತ್ತಿದ್ದರು. ತಿದ್ದಿ ತಿದ್ದಿ ಅದು ಅಭ್ಯಾಸವಾಗಿತ್ತು.

ಚಾನೆಲ್ ಕಟ್ಟಿದವರು ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ ಊರಿಗೆ ಮರಳಿದ್ದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಅಣ್ಣಯ್ಯ ಎಂದೇ ಕರೆಯುತ್ತಿದ್ದೆವು. ಸಿಟ್ಟು ಬಂದರೆ ಅವರ ಬಾಯಿಂದ ಮೊದಲು ಹಿಂದಿ ಬರುತ್ತಿತ್ತು, ಆಮೇಲೆ ಸ್ವಲ್ಪ ಮರಾಠಿ, ಕೊನೆಗೆ ನಮ್ಮ ಮಾತು. ಅವರಿಗೊಂದು ಹಟವಿತ್ತು. ಇಡೀ ದಿನ ಕುಂದಾಪ್ರ ಕನ್ನಡದಲ್ಲೇ ಮಾತಾಡುವ ಚಾನೆಲ್ ಆಗಬೇಕು. ವಾರ್ತೆ, ಬೇಸಾಯ, ಕಡಲಿನ ಗಾಳಿಯ ಸುದ್ದಿ, ಎಲ್ಲ. ಅಲ್ಲಿಯವರೆಗೆ ಟೀವಿಯಲ್ಲಿ ನಮ್ಮ ಮಾತು ಕೇಳಿಸುತ್ತಿದ್ದದ್ದು ನಗಿಸುವುದಕ್ಕೆ ಮಾತ್ರ. ನಾಟಕದ ಅಡುಗೆಯವನು, ಕುಡುಕ, ಪೆದ್ದ ಅಳಿಯ ಇಂಥವರ ಬಾಯಲ್ಲಿ. "ನಮ್ ಭಾಷೆಯಲ್ ಬರೀ ನಗಾಡುದ್ ಮಾತ್ರವಾ? ಬದ್ಕುದೂ ಇತ್ತಲ್ದಾ?" ಎಂದು ಅವರು ಕೇಳಿದ ದಿನವೇ ನಾನು ಉಡುಪಿಯ ಕೆಲಸ ಬಿಡುವುದೆಂದು ತೀರ್ಮಾನಿಸಿದೆ.

ಚಾನೆಲ್ ಎಂದರೆ ಕ್ಯಾಮೆರಾ, ದೀಪ, ಓದುವವರು ಇಷ್ಟೇ ಎಂದುಕೊಂಡಿದ್ದೆ. ಅದು ಜನರ ಮನೆಗೆ ಮುಟ್ಟಬೇಕಾದರೆ ಇನ್ನೊಬ್ಬರ ತಂತಿಯ ಮೇಲೆ ಹೋಗಬೇಕು ಎನ್ನುವುದು ಅಣ್ಣಯ್ಯನ ಜೊತೆ ಓಡಾಡಲು ಶುರು ಮಾಡಿದ ಮೇಲೆ ಗೊತ್ತಾಯಿತು. ಮನೆಯ ಮಾಡಿನ ಮೇಲೆ ಡಿಶ್ ಇಡುವ ದೊಡ್ಡ ಕಂಪನಿಗಳನ್ನು ಮೊದಲು ಕೇಳಿದೆವು. ಬೆಂಗಳೂರಿನಲ್ಲಿದ್ದ ಅವರ ಮನುಷ್ಯ ಬಹಳ ಮರ್ಯಾದೆಯಿಂದ ಮಾತಾಡಿದ. ಇಡೀ ದೇಶಕ್ಕೆ ಒಂದೇ ಉಪಗ್ರಹ, ಅದರಲ್ಲಿ ಮೂರು ತಾಲೂಕಿನ ಮಾತಿಗೆ ಜಾಗ ಮಾಡುವುದು ಕಷ್ಟ ಎಂದ. ಉಳಿದದ್ದು ಎರಡು ಕೇಬಲ್ ಜಾಲಗಳು. ಒಂದರ ಕಂಟ್ರೋಲ್ ರೂಮ್ ಬ್ರಹ್ಮಾವರದಲ್ಲಿ. ಬ್ರಹ್ಮಾವರ, ಸಾಲಿಗ್ರಾಮ, ಕೋಟ, ಕುಂಭಾಶಿ ಹೀಗೆ ತೆಂಕು ಬದಿಯ ಮನೆಗಳೆಲ್ಲ ಅವರದು. ಇನ್ನೊಂದು ಬೈಂದೂರಿನದು. ಕಿರಿಮಂಜೇಶ್ವರ, ಬೈಂದೂರು, ಶಿರೂರು, ಬಡಗು ಬದಿಯೆಲ್ಲ ಅವರ ಕೈಯಲ್ಲಿ. ಕುಂದಾಪುರ ಪೇಟೆಯಲ್ಲಿ ಮಾತ್ರ ಇಬ್ಬರೂ ಇದ್ದರು. ಒಂದೇ ಕಂಬದಿಂದ ಇಬ್ಬರ ತಂತಿಯೂ ಇಳಿಯುತ್ತಿತ್ತು. ಈ ಮನೆಗೆ ಅವರ ಬಾಕ್ಸ್, ಪಕ್ಕದ ಮನೆಗೆ ಇವರ ಬಾಕ್ಸ್.

ಹಿಂದೆ ಇಬ್ಬರೂ ಪಾಲುದಾರರಾಗಿದ್ದವರೇ. ಒಂದೇ ದೊಡ್ಡ ಡಿಶ್ ಇಟ್ಟು, ತೆಂಗಿನಮರದಿಂದ ತೆಂಗಿನಮರಕ್ಕೆ ತಾವೇ ತಂತಿ ಎಳೆದವರು. ಯಾಕೆ ಬೇರೆಯಾದರು ಎನ್ನುವುದಕ್ಕೆ ಬ್ರಹ್ಮಾವರದಲ್ಲಿ ಒಂದು ಕತೆ, ಬೈಂದೂರಿನಲ್ಲಿ ಇನ್ನೊಂದು ಕತೆ ಕೇಳಿದೆ. ನಾವು ಹೋಗುವ ಹೊತ್ತಿಗೆ ಅವರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಬೈಂದೂರಿನವರು ಮೊದಲು ಒಪ್ಪಿದರು. ಆದರೆ ಮೊದಲ ಒಂದು ವರ್ಷ ಚಾನೆಲ್ ತಮ್ಮಲ್ಲಿ ಮಾತ್ರ ಬರಬೇಕು ಎಂದರು. ಬ್ರಹ್ಮಾವರದವರು ಚಹಾ ಕೊಟ್ಟು, ಅಣ್ಣಯ್ಯನ ಮುಂಬೈ ದಿನಗಳನ್ನೆಲ್ಲ ಕೇಳಿ, ಕೊನೆಗೆ ಬಾಗಿಲವರೆಗೆ ಬಂದು ಹೇಳಿದರು: "ಅಲ್ಲಿಗ್ ಹೋಪುದಾದ್ರೆ ಇಲ್ಲಿಗ್ ಬಪ್ಪುಕಾಗ." ಹೆದ್ದಾರಿಯಲ್ಲಿ ಬಡಗಿಗೂ ತೆಂಕಿಗೂ ಎಷ್ಟು ಸಲ ಓಡಾಡಿದೆವೋ. ಪ್ರತಿ ಸಲವೂ ಅಣ್ಣಯ್ಯ ನನ್ನನ್ನು ಕರೆದೊಯ್ಯುತ್ತಿದ್ದರು. ಓದುವವಳ ಮುಖ ನೋಡಿದರೆ ಮನಸ್ಸು ಕರಗಬಹುದು ಎಂದು ಅವರ ಲೆಕ್ಕ. ಯಾರ ಮನಸ್ಸೂ ಕರಗಲಿಲ್ಲ. ಕೊನೆಗೆ ಬೈಂದೂರಿನವರ ಮಾತಿಗೇ ಅಣ್ಣಯ್ಯ ಹೂಂ ಎಂದರು. ಅರ್ಧ ಊರಿಗಾದರೂ ಮುಟ್ಟಲಿ ಎಂದು.

ಪರೀಕ್ಷೆಗಾಗಿ ಬೈಂದೂರಿನ ಜಾಲದಲ್ಲಿ ನಮ್ಮ ನಂಬರಿನಲ್ಲಿ ಬಣ್ಣದ ಪಟ್ಟಿಗಳು ಬರತೊಡಗಿದವು. ಕೆಳಗೆ ನಮ್ಮ ಚಾನೆಲ್ಲಿನ ಹೆಸರು. ಕುಂದಾಪುರದ ಸಭಾಭವನವನ್ನು ಗೊತ್ತು ಮಾಡಿ, ಆಮಂತ್ರಣ ಅಚ್ಚು ಹಾಕಿಸಿ, ದೀಪ ಹಚ್ಚುವ ಗಣ್ಯರು ಯಾರು, ವೇದಿಕೆಯಲ್ಲಿ ಯಾರ ಪಕ್ಕ ಯಾರು ಕೂರಬೇಕು ಎಂಬುದೂ ನಿರ್ಧಾರವಾಗಿತ್ತು. ನನಗೊಂದು ರೇಷ್ಮೆ ಸೀರೆ ತಂದಿದ್ದರು. ಪರದೆಯಲ್ಲಿ ಬೇರೆ ಚಿತ್ರ ಕೂರಿಸಲೆಂದು ನನ್ನ ಕುರ್ಚಿಯ ಹಿಂದೆ ಹಸಿರು ಬಟ್ಟೆ ಕಟ್ಟಿದ್ದರಿಂದ ಹಸಿರು ಬಿಟ್ಟು ಬೇರೆ ಯಾವ ಬಣ್ಣವೂ ಆದೀತು ಎಂದು ಅಂಗಡಿಯಲ್ಲಿ ಹೇಳಿ ತಂದದ್ದು.

ಆ ವರ್ಷದ ಮಳೆ ಮುಗಿಯುತ್ತ ಬಂದಿತ್ತು. ನಾಡದೋಣಿಗಳು ಮೀನಿಗೆ ಹೋಗುವ ಕಾಲ. ಉದ್ಘಾಟನೆಗೆ ಇನ್ನೂ ಕೆಲವು ದಿನಗಳಿರುವಾಗ ಒಂದು ಬೆಳಿಗ್ಗೆ ಕಿರಿಮಂಜೇಶ್ವರದ ಕಡಲತೀರಕ್ಕೆ ಮರಳುತ್ತಿದ್ದ ದೋಣಿಯೊಂದು ದಡದ ಹತ್ತಿರದ ಅಲೆಗಳಲ್ಲಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಒಬ್ಬರು ಬರಲಿಲ್ಲ. ಆ ದಿನವಿಡೀ ಹುಡುಕಿದರು. ಮರುದಿನ ಬೆಳಿಗ್ಗೆ ನಾನು ಕಚೇರಿಯಲ್ಲಿರುವಾಗ ಅಮ್ಮನ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ. ಆ ಮನುಷ್ಯನ ತಾಯಿಯೂ ಅವಳೂ ಒಂದು ಕಾಲದಲ್ಲಿ ಒಂದೇ ಬಸ್ಸಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಹೋದವರಂತೆ. ನೀನು ಟೀವಿಯಲ್ಲಿರುವವಳಲ್ಲವೇ, ಅವರ ಪಟ ಹಾಕು, ಎಲ್ಲಾದರೂ ಯಾರಾದರೂ ಕಂಡರೆ ಹೇಳಿಯಾರು ಎಂದಳು. ನಮ್ಮ ಚಾನೆಲ್ ಇನ್ನೂ ಶುರುವಾಗಿಲ್ಲ ಎಂದು ನಾನು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ. "ಬಣ್ಣ ಬಪ್ಪುದ್ ನಾ ಕಂಡಿದೆ ಅಲ್ದಾ," ಎಂದಳು.

ಕ್ಯಾಮೆರಾದವರನ್ನು ಕರೆದುಕೊಂಡು ಹೋದೆ. ಹೆದ್ದಾರಿಯಿಂದ ಇಳಿದು, ಗಾಳಿಮರಗಳ ಸಾಲು ದಾಟಿ ಒಳಗೆ ಹೋದರೆ ಆ ಮನೆ. ಅಂಗಳದ ತುಂಬ ಚಪ್ಪಲಿ. ಗಂಡಸರೆಲ್ಲ ದಡದಲ್ಲಿದ್ದರು. ಒಳಗೆ ಹೆಂಗಸರ ನಡುವೆ ಆ ಮನುಷ್ಯನ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನನ್ನಷ್ಟೇ ವಯಸ್ಸಿನವರು. ಟೀವಿ ಆರಿಸಿತ್ತು. ಯಾಕೆ ಆರಿಸಿದ್ದರು ಎನ್ನುವುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ನನಗಿಂತ ಮೊದಲು, ಹಿಂದಿನ ದಿನವೇ, ರಾಜ್ಯಮಟ್ಟದ ಒಂದು ಚಾನೆಲ್ಲಿನವರು ಬಂದುಹೋಗಿದ್ದರು. ಘಟ್ಟದ ಮೇಲಿನ ವರದಿಗಾರ. ಅವನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: ಅವ್ರ್ ಇದ್ದ್ರ್, ಅವ್ರಿಗ್ ಈಜುಕೆ ಬತ್ತ್. ನಮ್ಮ ಮಾತಿನಲ್ಲಿ ಇದ್ದ್ರ್ ಎಂದರೆ ಇದ್ದಾರೆ ಎಂದು. ಈಗ, ಈ ಹೊತ್ತಿಗೆ ಇದ್ದಾರೆ ಎಂದು. ಮನೆಗೆ ಬಂದವರು ಅಪ್ಪಯ್ಯ ಇದ್ದ್ರಾ ಎಂದು ಕೇಳಿದರೆ ಒಳಗಿನಿಂದ ಮಕ್ಕಳು ಇದ್ದ್ರ್ ಎನ್ನುತ್ತಾರೆ, ಅಷ್ಟು ದಿನನಿತ್ಯದ ಮಾತು. ಅವನಿಗೆ ಅದು ಇದ್ದರು ಎಂದು ಕೇಳಿಸಿತು. ರಾತ್ರಿಯ ವಾರ್ತೆಯಲ್ಲಿ ಅವರ ಮುಖದ ಕೆಳಗೆ 'ಒಳ್ಳೆಯ ಈಜುಗಾರರಾಗಿದ್ದರು: ಪತ್ನಿಯ ಕಣ್ಣೀರು' ಎಂದು ಬಂತು. ತನ್ನ ಬಾಯಿಂದಲೇ ಗಂಡ ಸತ್ತರೆಂದು ಹೇಳಿಸಿದ್ದನ್ನು ಅವರು ಅದೇ ಟೀವಿಯಲ್ಲಿ ಓದಿದ್ದರು.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಳುತ್ತಿರಲಿಲ್ಲ.

"ನೀ ನಮ್ ಬದಿಯೋಳ್ ಅಲ್ದಾ. ನಾ ಹೇಳದ್ದ್ ಸಮಾ ಹೇಳ್ತ್ಯಾ? ಅವ್ರ್ ಇದ್ದ್ರ್ ಅಂದೇ ನಾ ಹೇಳದ್ದ್. ಸಿಕ್ಕುವರಿಗೂ ಬೇರೆ ಎಂತದೂ ಹೇಳುಕಾಗ."

ಹೇಳುವುದಿಲ್ಲ ಎಂದೆ. ಆ ಕೈ ಬಿಡಿಸಿಕೊಂಡು ಏಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವರೇ ಬಿಟ್ಟರು. ಯಾವುದೋ ಮದುವೆಯಲ್ಲಿ ತೆಗೆದ ಪಟವನ್ನು ಅವರ ನಾದಿನಿ ತಂದುಕೊಟ್ಟರು. ಕಡಲಿಗೆ ಹೋಗುವಾಗ ತೊಟ್ಟದ್ದೇನು ಎಂದು ಕೇಳಿದೆ. ಊರಿನ ಕಬಡ್ಡಿ ತಂಡದ ಹಳದಿ ಬನಿಯನ್, ಬಲಗೈಗೆ ದೇವಸ್ಥಾನದ ಕೆಂಪು ದಾರ.

ದಡಕ್ಕೂ ಹೋಗಿ ಬಂದೆವು. ಅಲ್ಲಿ ಗುಂಪುಗುಂಪಾಗಿ ನಿಂತಿದ್ದವರು ಹೆಚ್ಚು ಮಾತಾಡಲಿಲ್ಲ. ನೀರು ತೆಂಕಿಗೆ ಎಳೆಯುತ್ತಿದೆ ಎಂದು ಮಾತ್ರ ಎಲ್ಲರೂ ಹೇಳುತ್ತಿದ್ದರು.

ಕುಂದಾಪುರಕ್ಕೆ ಮರಳಿ ಅಣ್ಣಯ್ಯನಿಗೆ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಕೆಳಗಿನ ರಸ್ತೆಯನ್ನು ನೋಡುತ್ತ ನಿಂತರು. ಅವರ ತಲೆಯಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಅವರು ದೇವರು, ಮುಹೂರ್ತ ಎಲ್ಲ ನೋಡುವವರು. ಉದ್ಘಾಟನೆಯ ದಿನವನ್ನು ಆನೆಗುಡ್ಡೆಯ ಗಣಪತಿ ಗುಡಿಗೆ ಹೋಗಿ ಪ್ರಸಾದ ತಂದ ಮೇಲೆಯೇ ಗೊತ್ತು ಮಾಡಿದ್ದರು. ಜೀವಮಾನದ ಆಸೆಯ ಚಾನೆಲ್ ಕಡಲಿಗೆ ಹೋಗಿ ಮರಳದವರ ಪಟದಿಂದ ಶುರುವಾಗಬೇಕೇ? ದೀಪ ಹಚ್ಚಿದ ಮೇಲೆ ಹಾಕೋಣ ಎಂದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಇಲ್ಲವೋ. ಅವರು ತಿರುಗಿ ಹೇಳಿದರು: "ದೀಪ ಮತ್ತೆ ಹಚ್ಲಕ್ಕ್. ಈಗ ಹಾಕ್ವ."

ಬರೆಯಲು ಕೂತೆ. 'ನಾಪತ್ತೆಯಾಗಿದ್ದಾರೆ' ಎಂದು ಬರೆದೆ. 'ಶೋಧಕಾರ್ಯ ಮುಂದುವರಿದಿದೆ' ಎಂದು ಬರೆದೆ. ಉಡುಪಿಯಲ್ಲಿ ಎಷ್ಟೋ ಸಲ ಓದಿದ ವಾಕ್ಯಗಳು. ಕ್ಯಾಮೆರಾದ ಮುಂದೆ ಅವು ಬಾಯಿಂದ ಹೊರಡಲಿಲ್ಲ. ವಾರಗಟ್ಟಲೆ ನಾವು ನಮ್ಮ ಮಾತಿನಲ್ಲಿ ಅಭ್ಯಾಸ ಮಾಡಿದ್ದೆವು. ತರಕಾರಿ ರೇಟು, ಅಡುಗೆ, ಸಣ್ಣಪುಟ್ಟ ತಮಾಷೆ. ದುಃಖದ ಸುದ್ದಿಯನ್ನು ಈ ಮಾತಿನಲ್ಲಿ ಯಾರೂ ಓದಿದ್ದನ್ನು ನಾನು ಕೇಳಿರಲಿಲ್ಲ. ಬೇಲಿಯ ಆಚೆಯಿಂದ ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ಕೇಳಿದ್ದೆ, ಅಷ್ಟೇ. ಹಾಳೆ ಕೆಳಗಿಟ್ಟು, ಬೇಲಿಯ ಆಚೆ ಯಾರೋ ನಿಂತಿದ್ದಾರೆ ಎಂದುಕೊಂಡು ಹೇಳಿದೆ. ಅವರ ಹೆಸರು ಹೇಳಿದೆ, ಮನೆ ಎಲ್ಲಿ ಎಂದು ಹೇಳಿದೆ, ಬನಿಯನ್ನಿನ ಬಣ್ಣ ಹೇಳಿದೆ. ಆಮೇಲೆ: "ನಿನ್ನೆ ಕಡ್ಲಿಗ್ ಹೋದವ್ರ್ ಇನ್ನೂ ಮನಿಗ್ ಬರ್ಲಿಲ್ಲೆ. ಮನಿಯವ್ರ್ ಕಾದ್ಕಂಡ್ ಕೂತಿದ್ರ್. ಕಡ್ಲ್ ಬದಿಯಲ್ ಇಪ್ಪವ್ರೆಲ್ಲ ಒಂಚೂರ್ ಕಾಣಿ."

ಬಣ್ಣದ ಪಟ್ಟಿಗಳು ಹೋಗಿ ಆ ಪಟ ಬಂತು. ನಮ್ಮ ಚಾನೆಲ್ ಶುರುವಾದದ್ದು ಹಾಗೆ.

ಅದನ್ನು ಮತ್ತೆ ಮತ್ತೆ ತಿರುಗಿಸಿ ಹಾಕುತ್ತಿರುವಾಗ ನನಗೆ ದಡದ ಮಾತು ನೆನಪಾಯಿತು. ನಾವು ತೋರಿಸುತ್ತಿದ್ದದ್ದು ಬಡಗು ಬದಿಯ ಮನೆಗಳಿಗೆ. ನೀರು ಎಳೆಯುತ್ತಿದ್ದದ್ದು ತೆಂಕಿಗೆ. ಕುಂಭಾಶಿಯ ಆಚೆ, ಕೋಟದ ಕಡಲ ಬದಿಯ ಒಂದು ಮನೆಯಲ್ಲೂ ನಮ್ಮ ಚಾನೆಲ್ ಬರುತ್ತಿರಲಿಲ್ಲ. ಫೋನಿನಲ್ಲಿ ಹಂಚಿಕೊಳ್ಳಬಹುದಿತ್ತು, ಹಂಚಿಕೊಂಡೆವು ಕೂಡ. ಆದರೆ ಆ ದಡದಲ್ಲಿ ಬೆಳಿಗ್ಗೆ ಮೊದಲು ಓಡಾಡುವವರು ವಯಸ್ಸಾದ ಹೆಂಗಸರು, ಗಂಡಸರು. ಅವರು ನೋಡುವುದು ಟೀವಿಯನ್ನೇ. ಅಣ್ಣಯ್ಯನಿಗೆ ಹೇಳಿದೆ. ಅವರು ಕಾರಿನ ಕೀ ತೆಗೆದುಕೊಂಡರು.

ಬ್ರಹ್ಮಾವರ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಅಲ್ಲಿಯ ಕಂಟ್ರೋಲ್ ರೂಮ್ ಎಂದರೆ ಒಂದು ಗೋಡೆಯ ತುಂಬ ಸಣ್ಣ ಸಣ್ಣ ಪರದೆಗಳು. ಒಂದೊಂದರಲ್ಲೂ ಒಂದೊಂದು ಚಾನೆಲ್, ಯಾವುದಕ್ಕೂ ಧ್ವನಿ ಇಲ್ಲ. ಯಜಮಾನರು ಸ್ವೆಟರ್ ಹಾಕಿಕೊಂಡು ಕೂತಿದ್ದರು, ಯಂತ್ರಗಳಿಗಾಗಿ ಕೋಣೆಯನ್ನು ಅಷ್ಟು ತಣ್ಣಗೆ ಇಟ್ಟಿದ್ದರು. ನಮ್ಮನ್ನು ನೋಡಿ, ಬೈಂದೂರಿನವರ ಜೊತೆ ಏನೋ ಜಗಳವಾಗಿರಬೇಕು, ಕರಾರಿಗೆ ಬಂದಿದ್ದಾರೆ ಎಂದುಕೊಂಡರು. ಅಣ್ಣಯ್ಯ ವಿಷಯ ಹೇಳಿದ ಮೇಲೆ ಅವರ ಮುಖ ಗಂಭೀರವಾಯಿತು. ದೋಣಿ ಮಗುಚಿದ್ದು ಅವರಿಗೆ ಗೊತ್ತಿತ್ತು. ಆದರೆ ಒಪ್ಪಲಿಲ್ಲ. ಕುಂಭಾಶಿಯ ಹತ್ತಿರ ತಮ್ಮ ತಂತಿ ಕಡಿದು ಹಾಕಿದ್ದನ್ನು, ಹಬ್ಬದ ದಿನ ಜನರ ಬಾಯಿಗೆ ಸಿಕ್ಕಿದ್ದನ್ನು, ತಾವೇ ಏಣಿ ಹತ್ತಿ ಸರಿ ಮಾಡಿದ್ದನ್ನು ಹೇಳಿದರು. ಯಾರು ಕಡಿದರು ಎನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಬೈಂದೂರಿನವರೇ ಎನ್ನುವುದರಲ್ಲಿ ಅವರಿಗೆ ಅನುಮಾನವೂ ಇರಲಿಲ್ಲ. ಇವತ್ತು ನಿಮ್ಮದನ್ನು ಹಾಕಿದರೆ ನಾಳೆ ಬೈಂದೂರಿನಲ್ಲಿ ಕೂತು ನಗುತ್ತಾರೆ, ತಮ್ಮ ಚಾನೆಲ್ಲನ್ನು ಇವನೇ ಬೇಡಿ ತೆಗೆದುಕೊಂಡ ಎನ್ನುತ್ತಾರೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೈಂದೂರಿನವರು ಹಾಗೇ ಹೇಳುತ್ತಿದ್ದರು.

ನಾನು ನನ್ನ ಫೋನಿನಲ್ಲಿ ಆ ತುಣುಕನ್ನು ಹಾಕಿ ಅವರ ಕೈಗೆ ಕೊಟ್ಟೆ. ನಿಂತುಕೊಂಡೇ ಕೇಳಿದರು. ಮುಗಿದ ಮೇಲೆ ಮತ್ತೊಮ್ಮೆ ಹಾಕಿದರು. ಆ ಮನುಷ್ಯನಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದರು. ಒಬ್ಬಳು ಮಗಳು, ಕಾಲೇಜಿಗೆ ಹೋಗುತ್ತಾಳೆ ಎಂದೆ. ಆಮೇಲೆ ಅವರು ಯಂತ್ರದ ಮುಂದೆ ಕೂತಿದ್ದ ಕೆಲಸದವರಿಗೆ, ತಮ್ಮ ಜಾಲದ ಸ್ವಂತ ನಂಬರಿನಲ್ಲಿ ಓಡುತ್ತಿದ್ದ ಸಿನಿಮಾ ನಿಲ್ಲಿಸಿ ಇದನ್ನು ಹಾಕುವಂತೆ ಹೇಳಿದರು.

"ನಿಮ್ ಚಾನೆಲ್ ಹಾಕುದಲ್ಲ ನಾ," ಎಂದರು ಅಣ್ಣಯ್ಯನಿಗೆ. "ಆ ಮನುಷ್ಯನ್ ಹಾಕುದ್. ಅಷ್ಟೇ."

ಗೋಡೆಯ ಒಂದು ಪರದೆಯಲ್ಲಿ ಸಿನಿಮಾ ಹೋಗಿ ಆ ಪಟ ಬಂತು. ಮೂಲೆಯಲ್ಲಿದ್ದ ನಮ್ಮ ಚಾನೆಲ್ಲಿನ ಗುರುತಿನ ಮೇಲೆ ಅವರ ಜಾಲದ ಹೆಸರಿನ ಪಟ್ಟಿಯನ್ನು ಕೂರಿಸಿದ್ದರು. ಅಣ್ಣಯ್ಯ ಅದನ್ನು ನೋಡಿದರು. ಆ ಗುರುತನ್ನು ಬರೆಸಲು ಅವರು ಎಷ್ಟು ಜನರ ಹತ್ತಿರ ಹೋಗಿದ್ದರು, ಎಷ್ಟು ಸಲ ಬಣ್ಣ ಬದಲಾಯಿಸಿದ್ದರು ಎಂದು ನನಗೆ ಗೊತ್ತಿತ್ತು. ಕೈಮುಗಿದು ಹೊರಗೆ ಬಂದರು.

ಕೋಟ ದಾಟುವಾಗ ಬೈಂದೂರಿನವರ ಫೋನ್ ಬಂತು. ಸುದ್ದಿ ಅಷ್ಟು ಬೇಗ ಹೇಗೆ ಮುಟ್ಟಿತೋ. ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ, ಧ್ವನಿ ಜೋರಾಗಿದ್ದದ್ದು ಮಾತ್ರ ಗೊತ್ತಾಯಿತು. ಅಣ್ಣಯ್ಯ ಕಾರನ್ನು ಬದಿಗೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಹಿಂದಿಯೂ ಬರಲಿಲ್ಲ, ಮರಾಠಿಯೂ ಬರಲಿಲ್ಲ.

"ನಾ ಕೊಟ್ಟ್ ಮಾತ್ ತಪ್ಪದ್ದ್ ಹೌದ್. ನೀವ್ ನಮ್ಮದನ್ ತೆಗೀರಿ. ಆರೆ ಅವ್ರ್ ಸಿಕ್ಕದ್ ಮೇಲ್ ತೆಗೀರಿ."

ಆ ಕಡೆಯವರು ಫೋನ್ ಇಟ್ಟರು. ಮರಳಿ ಕಚೇರಿಗೆ ಬಂದು ನೋಡಿದರೆ ಬೈಂದೂರಿನ ಜಾಲದಲ್ಲಿ ನಮ್ಮ ನಂಬರು ಇನ್ನೂ ಇತ್ತು.

ಆ ಸಂಜೆಯಿಂದ ಮರುದಿನವಿಡೀ ಫೋನುಗಳು ಬಂದವು. ತೇಲಿಬಂದ ಹುಟ್ಟೊಂದು ಸಿಕ್ಕಿದೆ ಎಂದು ಒಬ್ಬರು. ಬಲೆಯ ಚೂರು ಕಂಡಿದ್ದೇವೆ ಎಂದು ಇನ್ನೊಬ್ಬರು. ಎಷ್ಟೋ ಜನ ಏನೂ ಕಾಣದೆಯೂ ಫೋನ್ ಮಾಡಿ, ನಮ್ಮ ದಡದಲ್ಲಿ ಅಷ್ಟು ದೂರ ನಡೆದು ನೋಡಿದೆವು, ಇಲ್ಲ ಎಂದು ಹೇಳಿ ಇಟ್ಟರು. ಉಡುಪಿಯಲ್ಲಿದ್ದಾಗ ನನಗೆ ಫೋನ್ ಮಾಡುತ್ತಿದ್ದ ಜನ ಟೀವಿಯವರ ಜೊತೆ ಮಾತಾಡುವುದೆಂದು ಪುಸ್ತಕದ ಕನ್ನಡ ತಂದುಕೊಂಡು ತಡವರಿಸುತ್ತಿದ್ದರು. ಇವರು ಯಾರೂ ತಡವರಿಸಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಕೋಟದ ಕಡಲ ಬದಿಯಿಂದ ಒಬ್ಬ ಹೆಂಗಸಿನ ಫೋನ್. ವಯಸ್ಸಾದ ಧ್ವನಿ. ಏದುಸಿರಿತ್ತು.

"ಹ್ವಾಯ್, ನೀವ್ ಹೇಳ್ದವ್ರ್ ಇಲ್ಲಿದ್ದ್ರ್," ಎಂದರು.

ನಾನು ಹಾಳೆ, ಪೆನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವರೇ ಹಳದಿ ಬನಿಯನ್ ಎಂದರು, ಕೈಯಲ್ಲಿ ದಾರ ಇದೆ ಎಂದರು. ತಮ್ಮ ಹೆಗಲ ಮೇಲಿದ್ದ ಬಟ್ಟೆಯನ್ನು ಹೊದೆಸಿದ್ದೇನೆ, ಮನೆಯವರು ಬರುವವರೆಗೆ ನಾವು ಇಲ್ಲೇ ಕೂತಿರುತ್ತೇವೆ, ಗಡಿಬಿಡಿ ಮಾಡದೆ ನಿಧಾನಕ್ಕೆ ತಿಳಿಸಿ ಎಂದರು. ಆಮೇಲೆ ಅಲ್ಲಿಗೆ ಹೋದವರು ನನಗೆ ಹೇಳಿದ್ದು: ನಾಲ್ಕಾರು ಜನ ಸುತ್ತ ಕೂತಿದ್ದರಂತೆ, ಒಬ್ಬರು ಕೊಡೆ ಹಿಡಿದಿದ್ದರಂತೆ. ಅವರ ಬಗ್ಗೆ ಮಾತಾಡುವಾಗ ಹೆಣ ಎನ್ನುತ್ತಿರಲಿಲ್ಲವಂತೆ. ಹೆಸರು ಹಿಡಿದು, ಅಣ್ಣ ಎಂದು ಸೇರಿಸಿ ಹೇಳುತ್ತಿದ್ದರಂತೆ.

ನಮ್ಮ ಚಾನೆಲ್ ಇಲ್ಲದಿದ್ದರೂ ಅವರು ಸಿಗುತ್ತಿದ್ದರು. ಯಾರಾದರೂ ಕಂಡು, ಪೊಲೀಸರಿಗೆ ತಿಳಿಸಿ, ಠಾಣೆಯಿಂದ ಠಾಣೆಗೆ ಸುದ್ದಿ ಹೋಗಿ ಮನೆಯವರು ಬಂದು ಗುರುತಿಸುತ್ತಿದ್ದರು. ನಾವು ದೊಡ್ಡದೇನನ್ನೋ ಮಾಡಿದೆವು ಎಂದು ಹೇಳಿಕೊಂಡು ತಿರುಗುವುದು ನನಗೆ ಇಷ್ಟವಿಲ್ಲ. ಆದರೆ ಅಪರಿಚಿತ ಶವವಾಗಿ ಅವರು ಆ ದಡದಲ್ಲಿ ಒಂದು ಗಳಿಗೆಯೂ ಇರಲಿಲ್ಲ.

ಮೊದಲು ಮನೆಗೆ ತಿಳಿಯಬೇಕಿತ್ತು. ಆ ಮನುಷ್ಯನ ಹೆಂಡತಿಯ ಅಣ್ಣನಿಗೆ ಅಣ್ಣಯ್ಯ ಫೋನ್ ಮಾಡಿ ಹೇಳಿದರು. ಪೊಲೀಸರಿಗೂ ಹೇಳಿದರು. ಹೆಂಡತಿಯ ಅಣ್ಣ ಮನೆಗೆ ಹೋಗಿ ಹೇಳಿ ನಮಗೆ ತಿಳಿಸುವವರೆಗೆ ನಾವು ಏನನ್ನೂ ಹಾಕುವುದಿಲ್ಲ ಎಂದಾಯಿತು. ಧ್ವನಿ ತೆಗೆದು ಪಟವನ್ನು ಮಾತ್ರ ಉಳಿಸಿದೆವು. ಬ್ರಹ್ಮಾವರಕ್ಕೂ ಹಾಗೇ ಹೇಳಿದೆವು, ಅವರೂ ಹಾಗೇ ಮಾಡಿದರು. ರಾಜ್ಯಮಟ್ಟದ ಚಾನೆಲ್ಲಿನಲ್ಲಿ ದಡದ ದೃಶ್ಯ ಅಷ್ಟರಲ್ಲೇ ಬಂತು. ನಮ್ಮ ಕ್ಯಾಮೆರಾದವರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಅಣ್ಣಯ್ಯ ಕುರ್ಚಿ ಎಳೆದುಕೊಂಡು ಸ್ಟುಡಿಯೋದ ಬಾಗಿಲಿಗೆ ಅಡ್ಡ ಕೂತರು. ಕಿರಿಮಂಜೇಶ್ವರದಿಂದ ಫೋನ್ ಬಂದ ಮೇಲೆ ಎದ್ದು ನನಗೆ ದಾರಿ ಬಿಟ್ಟರು.

ನಾನು ಹೇಳಿದ್ದು ಎರಡೇ ಮಾತು. "ಅವ್ರ್ ಸಿಕ್ಕಿರ್. ಮನಿಗ್ ಕರ್ಕಂಡ್ ಹೋತಿದ್ರ್."

ಎಲ್ಲರಿಗೂ ಅರ್ಥವಾಯಿತು. ಬೇರೇನನ್ನೂ ನಾವು ಹೇಳಲಿಲ್ಲ. ಆ ದಿನ ಬೇರೇನನ್ನೂ ಹಾಕಲೂ ಇಲ್ಲ.

ಸಂಜೆ ಮನೆಗೆ ಹೋದಾಗ ಅಮ್ಮ ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದಳು. ಅಂಗಳದಲ್ಲೇ ನನ್ನನ್ನು ನಿಲ್ಲಿಸಿ, ಮೊದಲು ಮಿಂದು ಬಾ ಎಂದಳು. ನಾನು ಅಲ್ಲಿಗೆ ಹೋಗಲಿಲ್ಲ, ಕಚೇರಿಯಲ್ಲೇ ಇದ್ದೆ ಎಂದೆ. "ಹೋಯಿ ಬಂದಾಂಗೇ ಅಲ್ದಾ," ಎಂದಳು. ಹಿಂಬದಿಯ ಬಚ್ಚಲಿಗೆ ಹೋಗಿ ಮಿಂದೆ. ಗಂಜಿ ಬಡಿಸಿದಳು. ನನ್ನ ಓದಿನ ಬಗ್ಗೆ ಏನೂ ಹೇಳಲಿಲ್ಲ. ತನ್ನ ಹಳೆಯ ಗೆಳತಿ, ಆ ಮನುಷ್ಯನ ತಾಯಿ, ಬಸ್ಸಿನ ಕಿಟಕಿಯ ಬದಿಯನ್ನು ಯಾವಾಗಲೂ ತನಗೇ ಬಿಟ್ಟುಕೊಡುತ್ತಿದ್ದಳು ಎಂದು ಮಾತ್ರ ಹೇಳಿದಳು. ಆ ತಾಯಿ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು.

ಉದ್ಘಾಟನೆಯ ಕಾರ್ಯಕ್ರಮ ನಡೆಯಲೇ ಇಲ್ಲ. ಗಣ್ಯರಿಗೆ ಫೋನ್ ಮಾಡಿ ಹೇಳಿದೆವು, ಸಭಾಭವನ ಬಿಟ್ಟುಕೊಟ್ಟೆವು. ಆಮೇಲೆ ಒಂದು ಒಳ್ಳೆಯ ದಿನ ನೋಡಿ ಇಡೋಣ ಎಂದು ಹಲವರು ಅಂದರು. ಶುರುವಾದದ್ದನ್ನು ಮತ್ತೆ ಶುರು ಮಾಡುವುದು ಹೇಗೆ ಎಂದು ಅಣ್ಣಯ್ಯ ಕೇಳಿದರು. ರೇಷ್ಮೆ ಸೀರೆ ನನ್ನ ಕಪಾಟಿನಲ್ಲೇ ಉಳಿಯಿತು.

ಆ ದುಃಖದಿಂದ ಎರಡು ಜಾಲದವರು ಒಂದಾದರು ಎಂದು ಬರೆಯಲು ಸಾಧ್ಯವಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ. ಉತ್ತರಕ್ರಿಯೆ ಮುಗಿಯುವುದರೊಳಗೆ ಬ್ರಹ್ಮಾವರದವರ ನಂಬರಿನಲ್ಲಿ ಸಿನಿಮಾ ಮರಳಿ ಬಂದಿತ್ತು. ಬೈಂದೂರಿನವರು ನಮ್ಮನ್ನು ತೆಗೆಯಲಿಲ್ಲ. ಆದರೆ ಸುಲಭಕ್ಕೆ ಸಿಗುವ ನಂಬರಿನಿಂದ ಎತ್ತಿ ದೂರದ, ಯಾರೂ ಒತ್ತದ ನಂಬರಿಗೆ ಹಾಕಿದರು. ಅಣ್ಣಯ್ಯ ಮತ್ತೆ ಹೆದ್ದಾರಿ ಹಿಡಿದರು. ಬಹಳ ತಿಂಗಳ ಮೇಲೆ ಬ್ರಹ್ಮಾವರದವರು ಒಪ್ಪಿದರು. ಮನಸ್ಸು ಬದಲಾಗಿ ಅಲ್ಲ. ಕೋಟದ ಬದಿಯ ಗಿರಾಕಿಗಳು, ಆ ಹೆಂಗಸು ಮಾತಾಡುವ ಚಾನೆಲ್ ಯಾಕೆ ಬರುತ್ತಿಲ್ಲ ಎಂದು ಹಣ ಕೊಡುವಾಗಲೆಲ್ಲ ಕೇಳುತ್ತಿದ್ದರಂತೆ. ಬೈಂದೂರಿನವರು ಒಂದು ವರ್ಷದ ಮಾತನ್ನು ಆಮೇಲೆ ಎತ್ತಲೇ ಇಲ್ಲ. ಅಣ್ಣಯ್ಯ ಇಬ್ಬರ ಹತ್ತಿರವೂ ಬೇರೆ ಬೇರೆ ದಿನ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಕುಂದಾಪುರ ಪೇಟೆಯ ಒಂದೇ ಬೀದಿಯಲ್ಲಿ ಈಗಲೂ ಒಂದು ಮನೆಗೆ ನಾವು ಒಂದು ನಂಬರು, ಪಕ್ಕದ ಮನೆಗೆ ಇನ್ನೊಂದು. ಕೇಬಲ್ ಇಟ್ಟುಕೊಂಡ ಮನೆಗಳೂ ಈಗ ಕಡಿಮೆಯಾಗಿವೆ. ಇಬ್ಬರೂ ಯಜಮಾನರಿಗೆ ವಯಸ್ಸಾಗಿದೆ, ಜನ ಫೋನಿನಲ್ಲಿ ನೋಡುತ್ತಾರೆ. ನಮ್ಮಲ್ಲಿ ಹೆಚ್ಚು ಓಡುವುದು ಈಗಲೂ ತಮಾಷೆಯ ಕಾರ್ಯಕ್ರಮಗಳೇ. ಅಣ್ಣಯ್ಯ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಗುವವರು ವಾರ್ತೆಯವರೆಗೂ ಕೂತಿರಲಿ ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆ ಮನುಷ್ಯನ ಹೆಂಡತಿ ಕಚೇರಿಗೆ ಬಂದರು. ಮಗಳ ಕೆಲಸದ ವಿಷಯಕ್ಕೆ ಕುಂದಾಪುರಕ್ಕೆ ಬಂದವರು, ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು. ಮೊದಲು ನನಗೆ ಗುರುತು ಸಿಗಲಿಲ್ಲ. ಮೈ ಇಳಿದಿತ್ತು, ಆದರೆ ಮುಖದಲ್ಲಿ ಗಟ್ಟಿತನ ಬಂದಿತ್ತು. ಊರಿನ ಹೆಂಗಸರ ಜೊತೆ ಸೇರಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದೇನೆ ಎಂದು ಹೇಳಿದರು. ಊಟ ಆಗಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಮ್ಮ ಬುತ್ತಿಗಳನ್ನು ಬಿಚ್ಚಿ ಎಲ್ಲರೂ ಹಂಚಿಕೊಂಡು ಉಂಡೆವು. ಮಗಳ ಮಾತು, ಮೀನಿನ ಮಾತು, ಬಸ್ಸಿನ ಮಾತು ಆಡಿದೆವು.

ಕೈ ತೊಳೆದ ಮೇಲೆ ಅವರು ಕೇಳಿದರು: "ನೀ ಅದ್ ಹೇಳದ್ದ್ ಎಲ್ಲಿ ಕೂಕಂಡ್?"

ಅವರು ಅದನ್ನು ಯಾವತ್ತೂ ನೋಡಿಲ್ಲವಂತೆ. ಆ ದಿನಗಳಲ್ಲಿ ಅವರ ಮನೆಯ ಟೀವಿಯನ್ನು ಆರಿಸಿದ ಮೇಲೆ ಮತ್ತೆ ಹಾಕಲೇ ಇಲ್ಲ. ಆಮೇಲೆ ಫೋನಿನಲ್ಲಿ ಮಗಳು ತೋರಿಸಲು ಬಂದರೆ ಬೇಡ ಎಂದಿದ್ದರು. ಸ್ಟುಡಿಯೋದ ಬಾಗಿಲು ತೆಗೆದು ದೀಪ ಹಾಕಿದೆ. ಒಂದು ಮೇಜು, ಒಂದು ಕುರ್ಚಿ, ಹಿಂದೆ ಇಳಿಬಿಟ್ಟ ಬಟ್ಟೆ, ಅಷ್ಟೇ. ಇಷ್ಟು ಸಣ್ಣ ಕೋಣೆಯೇ ಎನ್ನುವ ಹಾಗೆ ಸುತ್ತ ನೋಡಿದರು. ಕೂರಬಹುದೇ ಎಂದು ಕೇಳಿ ಕುರ್ಚಿಯಲ್ಲಿ ಕೂತರು. ಎದುರಿನ ಕ್ಯಾಮೆರಾ ಆರಿಸಿತ್ತು. ಅದರ ಕಡೆ ನೋಡಿದರು. ನಾನು ಬಾಗಿಲ ಬದಿಯಲ್ಲಿ ನಿಂತಿದ್ದೆ. ಸೆರಗು ಸರಿ ಮಾಡಿಕೊಂಡು ಎದ್ದು, ಬೈಂದೂರಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು. ಕೆಳಗಿನವರೆಗೂ ಹೋಗಿ ಬಸ್ಸು ಹತ್ತಿಸಿ ಬಂದೆ.